ದುಬೈಯಲ್ಲಿ ಕೊಟ್ಟ ದುಡ್ಡು ಕುಂದಾಪುರಕ್ಕೆ ಬರುವುದೇ ಇಲ್ಲ: ಹವಾಲಾ ನಡೆಯುವ ಬಗೆ

1990ರ ದಶಕದ ಮಾತು. ಬೇಸಿಗೆ ರಜೆಗೆ ಕುಂದಾಪುರದ ಹತ್ತಿರ ಇರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಮ್ಮನ ದೊಡ್ಡ ಮಗ ದುಬೈಯಲ್ಲಿ ಎಸಿ ಮೆಕ್ಯಾನಿಕ್. ಒಂದು ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಒರಗಿದ್ದಾಗ ಬೈಕಿನಲ್ಲಿ ಒಬ್ಬರು ಬಂದರು. ಮೆಟ್ಟಿಲ ಹತ್ತಿರವೇ ನಿಂತು, "ದುಬೈಯಗೆ ಇಪ್ಪುದ್ ನಿಮ್ಮ ಮಗ ಅಲ್ದಾ ಅಮ್ಮ?" ಅಂದರು. ಮಗನ ಹೆಸರು ಕೇಳಿದರು, ಚಿಕ್ಕಮ್ಮ ಹೇಳಿದರು. ಅಂಗಿಯ ಒಳಗಿಂದ ಪೇಪರಿನಲ್ಲಿ ಸುತ್ತಿದ ನೋಟಿನ ಕಟ್ಟು ತೆಗೆದು ಕೈಗೆ ಕೊಟ್ಟು, "ಎಣ್ಸಿ ಕಾಣಿ" ಅಂದರು. ಚಿಕ್ಕಮ್ಮ ಎರಡು ಸಲ ಎಣಿಸಿದರು. ಸರಿಯಾಗಿತ್ತು. ಸಹಿ ಇಲ್ಲ, ರಸೀದಿ ಇಲ್ಲ. ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು, ಒಂದು ಲೋಟ ನೀರು ಕುಡಿದು ಹೊರಟೇಹೋದರು.

ಅಣ್ಣ ಅಲ್ಲಿ ದುಡ್ಡು ಕೊಟ್ಟಿದ್ದು ಹಿಂದಿನ ದಿನ ಸಂಜೆ ಅಂತ ಆಮೇಲೆ ಗೊತ್ತಾಯಿತು. ಅದೇ ದುಡ್ಡನ್ನು ಬ್ಯಾಂಕ್ ಡಿಡಿ ಮಾಡಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದರೆ, ಅದು ಕೈಸೇರಿ, ಬ್ಯಾಂಕಿಗೆ ಹಾಕಿ, ಕ್ಲಿಯರ್ ಆಗುವಷ್ಟರಲ್ಲಿ ವಾರಗಟ್ಟಲೆ ಆಗುತ್ತಿತ್ತು.

ಒಂದು ರಾತ್ರಿಯೊಳಗೆ ಆ ನೋಟು ದುಬೈಯಿಂದ ಹೇಗೆ ಬಂತು ಅಂತ ನಾನು ತುಂಬ ದಿನ ತಲೆಕೆಡಿಸಿಕೊಂಡಿದ್ದೆ. ವಿಮಾನದಲ್ಲಿ ಯಾರೋ ತಂದಿರಬೇಕು ಅಂದುಕೊಂಡಿದ್ದೆ. ನಿಜ ಏನೆಂದರೆ ಯಾವ ನೋಟೂ ಬಂದಿರಲಿಲ್ಲ. ಅಣ್ಣ ಕೊಟ್ಟ ದಿರ್ಹಮ್ ದುಬೈಯಲ್ಲೇ ಉಳಿಯಿತು. ಚಿಕ್ಕಮ್ಮನ ಕೈಗೆ ಸಿಕ್ಕಿದ ರೂಪಾಯಿ ಮೊದಲಿನಿಂದಲೂ ಇಲ್ಲೇ ಇತ್ತು. ಹವಾಲಾ ಅಂದರೆ ಇಷ್ಟೇ. ಇದೊಂದು ಸರಿಯಾಗಿ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಈ ಪದ ಕನ್ನಡಕ್ಕೆ ಹೊಸದೇನಲ್ಲ. "ಕಳ್ಳನನ್ನು ಪೊಲೀಸರ ಹವಾಲೆಗೆ ಒಪ್ಪಿಸಿದರು" ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಒಬ್ಬರ ಕೈಯಿಂದ ಇನ್ನೊಬ್ಬರ ವಶಕ್ಕೆ ಕೊಡುವುದೇ ಹವಾಲೆ. ಹವಾಲ್ದಾರ ಅನ್ನುವುದೂ ಅದರಿಂದಲೇ ಬಂದದ್ದು, ವಹಿಸಿಕೊಂಡವನು ಅಂತ ಅರ್ಥ. ಮೂಲ ಅರಬ್ಬಿ. ಅಲ್ಲಿ ಈ ಪದಕ್ಕೆ ವರ್ಗಾಯಿಸುವುದು ಅನ್ನುವ ಅರ್ಥ ಇದೆ. ಹಳೆಯ ವ್ಯಾಪಾರದಲ್ಲಿ ವರ್ಗವಾಗುತ್ತಿದ್ದದ್ದು ಸಾಲ. "ನಾನು ನಿನಗೆ ಕೊಡಬೇಕಾದ್ದನ್ನು ಅವನು ಕೊಡುತ್ತಾನೆ, ಅವನಿಗೆ ನಾನು ಆಮೇಲೆ ಚುಕ್ತಾ ಮಾಡುತ್ತೇನೆ." ಇದಕ್ಕಿಂತ ಜಾಸ್ತಿ ಏನೂ ಇಲ್ಲ.

ಲೆಕ್ಕ ಹಾಕಿ ನೋಡೋಣ

ಸುಲಭವಾಗಲಿ ಅಂತ 1 ದಿರ್ಹಮಿಗೆ 20 ರೂಪಾಯಿ ಅಂತ ಇಟ್ಟುಕೊಳ್ಳಿ. ಅಣ್ಣನ ಹತ್ತಿರ 2,000 ದಿರ್ಹಮ್ ಇದೆ. ರೂಮಿನ ಹತ್ತಿರದ ಅಂಗಡಿಯವನಿಗೋ ಟ್ರಾವೆಲ್ಸಿನವನಿಗೋ ಅದನ್ನು ಕೊಡುತ್ತಾನೆ. ಅಮ್ಮನ ಹೆಸರು, ಊರು, ಪಕ್ಕದ ಮನೆಯ ಗುರುತು ಹೇಳುತ್ತಾನೆ. ಅಂಗಡಿಯವನು ಊರ ಕಡೆ ಇರುವ ತನ್ನ ಜೊತೆಗಾರನಿಗೆ ಒಂದು ಮೆಸೇಜ್ ಹಾಕುತ್ತಾನೆ. ಆಗ ಫೋನ್, ಫ್ಯಾಕ್ಸ್ ಇತ್ತು, ಈಗ ವಾಟ್ಸಾಪ್ ಇದೆ. ಆ ಜೊತೆಗಾರ ತನ್ನ ಗಲ್ಲಾದಿಂದ 40,000 ರೂಪಾಯಿ ತೆಗೆದು ಹುಡುಗನ ಕೈಲಿ ಮನೆಗೆ ಮುಟ್ಟಿಸುತ್ತಾನೆ.

ಅಣ್ಣನ ಮಟ್ಟಿಗೆ ಕೆಲಸ ಮುಗಿಯಿತು. ಆದರೆ ಅಲ್ಲಿಯವನ ಕೈಯಲ್ಲಿ 2,000 ದಿರ್ಹಮ್ ಜಾಸ್ತಿ ಇದೆ, ಇಲ್ಲಿಯವನ ಕೈಯಲ್ಲಿ 40,000 ರೂಪಾಯಿ ಕಡಿಮೆ ಇದೆ. ದುಬೈಯವನು ಊರಿನವನಿಗೆ ಸಾಲಗಾರ.

ಬ್ಯಾಂಕಿನಲ್ಲಿ ಕಳಿಸಿದರೂ ಬೇರೇನೋ ಆಗುತ್ತದೆ ಅಂತ ತಿಳಿಯಬೇಡಿ. ಅಲ್ಲೂ ನೋಟು ಹಾರಿ ಬರುವುದಿಲ್ಲ. ಒಂದು ದೇಶದ ಬ್ಯಾಂಕು ಇನ್ನೊಂದು ದೇಶದ ಬ್ಯಾಂಕಿನಲ್ಲಿ ಮೊದಲೇ ಖಾತೆ ಇಟ್ಟಿರುತ್ತದೆ. ಇಲ್ಲಿ ಒಂದು ಸಾಲು ಕಳೆಯುತ್ತಾರೆ, ಅಲ್ಲಿ ಒಂದು ಸಾಲು ಕೂಡುತ್ತಾರೆ. 1973ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ ಸ್ವಿಫ್ಟ್ ಜಾಲದ ಹೆಸರು ಕೇಳಿರುತ್ತೀರಿ. ಅದು ಸಾಗಿಸುವುದು ಬರೀ ಸಂದೇಶವನ್ನು. ಅಂಗಡಿಯವನ ವಾಟ್ಸಾಪ್ ಮೆಸೇಜ್ ಮಾಡುವ ಕೆಲಸವನ್ನೇ ಸ್ವಿಫ್ಟ್ ಬ್ಯಾಂಕುಗಳಿಗೆ ಮಾಡಿಕೊಡುತ್ತದೆ. ಆದರೆ ಬ್ಯಾಂಕಿನ ಲೆಕ್ಕದಲ್ಲಿ ಯಾರು, ಯಾರಿಗೆ, ಯಾಕೆ ಅಂತ ಬರೆದಿರುತ್ತದೆ. ಅದನ್ನು ತೆಗೆದು ನೋಡುವ ಅಧಿಕಾರ ಒಬ್ಬರಿಗೆ ಇರುತ್ತದೆ. ಮೋಸವಾದರೆ ಹೋಗಿ ಕೇಳಲು ಒಂದು ಬಾಗಿಲು ಇರುತ್ತದೆ.

ಗಲ್ಲಾ ತುಂಬಿಸುವವರು ಯಾರು?

ಹವಾಲಾ ಬಗ್ಗೆ ಬರೆಯುವ ಬಹಳ ಜನ "ನಂಬಿಕೆಯ ಮೇಲೆ ನಡೆಯುತ್ತದೆ" ಅಂತ ಹೇಳಿ ನಿಲ್ಲಿಸಿಬಿಡುತ್ತಾರೆ. ನನಗೆ ಅಸಲಿ ವಿಷಯ ಶುರುವಾಗುವುದೇ ಅದರ ಮುಂದೆ ಅನ್ನಿಸುತ್ತದೆ.

ಅಣ್ಣನಂಥವರು ದಿನಕ್ಕೆ 50 ಜನ ಬಂದರು ಅನ್ನಿ. ದುಬೈ ಅಂಗಡಿಯಲ್ಲಿ 1 ಲಕ್ಷ ದಿರ್ಹಮ್ ಸೇರಿತು. ಊರಿನ ಜೊತೆಗಾರ ಒಂದೇ ದಿನ 20 ಲಕ್ಷ ರೂಪಾಯಿ ಹಂಚಬೇಕು. ನಾಳೆ ಮತ್ತೆ 20 ಲಕ್ಷ. ಅಷ್ಟು ಕ್ಯಾಶ್ ದಿನಾ ಅವನಿಗೆ ಎಲ್ಲಿಂದ ಬರಬೇಕು? ದುಬೈಯವನಿಗೆ ಆ ದಿರ್ಹಮ್ ರಾಶಿ ಇಟ್ಟುಕೊಂಡು ಏನು ಪ್ರಯೋಜನ?

ಇಲ್ಲಿ ಇನ್ನೊಂದು ಗುಂಪು ಬರುತ್ತದೆ. ಅವರ ಹತ್ತಿರ ಇಂಡಿಯಾದಲ್ಲಿ ರೂಪಾಯಿ ಇದೆ, ಅವರಿಗೆ ಹೊರದೇಶದಲ್ಲಿ ದಿರ್ಹಮೋ ಡಾಲರೋ ಬೇಕು. ಅದೂ ಯಾರಿಗೂ ಗೊತ್ತಾಗದಂತೆ ಬೇಕು. ಅವರು ಇಲ್ಲಿ ರೂಪಾಯಿ ಕೊಡುತ್ತಾರೆ. ಅದು ಊರಿನ ಜೊತೆಗಾರನ ಗಲ್ಲಾ ಸೇರಿ, ಅಲ್ಲಿಂದ ಮನೆಮನೆಗೆ ಹೋಗುತ್ತದೆ. ಅಣ್ಣನಂಥವರು ಕೊಟ್ಟ ದಿರ್ಹಮ್ ಅಲ್ಲೇ ಅವರ ಕೈಗೆ ಸಿಗುತ್ತದೆ. ಎರಡು ಹೊಳೆ ಎದುರುಬದುರಾಗಿ ಹರಿಯುತ್ತಿವೆ, ಒಂದರ ನೀರು ಇನ್ನೊಂದಕ್ಕೆ ಬೆರೆಯುವುದಿಲ್ಲ, ಆದರೂ ಎರಡೂ ಕಡೆಯ ಕೆರೆ ತುಂಬುತ್ತದೆ.

ಆ ಗುಂಪಿನಲ್ಲಿ ಯಾರಿರುತ್ತಾರೆ? ಒಬ್ಬ ಆಮದು ವ್ಯಾಪಾರಿ ಅನ್ನಿ. ವಿದೇಶದಿಂದ 1 ಕೋಟಿಯ ಮಾಲು ತರಿಸುತ್ತಾನೆ. ಕಸ್ಟಮ್ಸ್ ಸುಂಕ ಉಳಿಸಲು ಬಿಲ್ಲಿನಲ್ಲಿ 60 ಲಕ್ಷ ಮಾತ್ರ ತೋರಿಸುತ್ತಾನೆ. 60 ಲಕ್ಷ ಬ್ಯಾಂಕಿನಲ್ಲಿ ಹೋಗುತ್ತದೆ. ಉಳಿದ 40 ಲಕ್ಷವನ್ನು ಅಲ್ಲಿಯ ಮಾರಾಟಗಾರನಿಗೆ ಹೇಗೆ ಮುಟ್ಟಿಸಬೇಕು? ಹವಾಲಾ ದಾರಿ ಸಿದ್ಧವಾಗಿದೆ. ಲಂಚದ ದುಡ್ಡನ್ನು ಹೊರಗೆ ಇಡಬೇಕಾದವನಿಗೂ ಅದೇ ದಾರಿ. ಕಾನೂನು ಪ್ರಕಾರ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್ ಹೊರಗೆ ಕಳಿಸಬಹುದು. ಅದಕ್ಕಿಂತ ಜಾಸ್ತಿ ಬೇಕಾದವನು, ಅಥವಾ ದುಡ್ಡಿನ ಮೂಲ ತೋರಿಸಲಾಗದವನು, ಈ ಕಡೆಗೇ ಬರುತ್ತಾನೆ.

ಎಲ್ಲಕ್ಕಿಂತ ಸಲೀಸಾಗಿ ಹೊಂದುವುದು ಚಿನ್ನ. ಕಳ್ಳಸಾಗಣೆಯವನು ದುಬೈಯಲ್ಲಿ ಚಿನ್ನ ಕೊಳ್ಳಬೇಕು, ಅದಕ್ಕೆ ಅಲ್ಲಿ ದಿರ್ಹಮ್ ಬೇಕು. ಚಿನ್ನ ಮಾರುವುದು ಇಲ್ಲಿ, ಕೈಗೆ ಸಿಗುವುದು ರೂಪಾಯಿ. ಅಂದರೆ ಅವನ ಅವಸ್ಥೆ ಅಣ್ಣನದಕ್ಕೆ ಸರಿಯಾಗಿ ತಿರುಗಾಮುರುಗಾ. ಇಬ್ಬರೂ ಮುಖ ನೋಡದೆಯೇ ಒಬ್ಬರಿಗೊಬ್ಬರು ಒದಗುತ್ತಾರೆ. ಹಾಗಾಗಿ ಚಿನ್ನದ ಸುಂಕಕ್ಕೂ ಹವಾಲಾಕ್ಕೂ ನೇರ ನಂಟಿದೆ. 2022ರ ಜುಲೈನಲ್ಲಿ ಸರ್ಕಾರ ಚಿನ್ನದ ಆಮದು ಸುಂಕವನ್ನು 15% ಮಾಡಿತು. ಸುಂಕ ಏರಿದಷ್ಟೂ ಕದ್ದು ತರುವವನ ಲಾಭ ಏರುತ್ತದೆ. 2024ರ ಜುಲೈ ಬಜೆಟ್ಟಿನಲ್ಲಿ ಅದನ್ನು 6%ಕ್ಕೆ ಇಳಿಸಿದ್ದರ ಹಿಂದೆ ಈ ಲೆಕ್ಕಾಚಾರವೂ ಇತ್ತು. ಮಂಗಳೂರು, ಬೆಂಗಳೂರು ವಿಮಾನ ನಿಲ್ದಾಣಗಳಲ್ಲಿ ಪೇಸ್ಟ್ ಮಾಡಿದ ಚಿನ್ನ ಹಿಡಿದ ಸುದ್ದಿ ಓದುತ್ತಿರುತ್ತೇವೆ, ಅಲ್ವಾ? ಹಿಡಿದದ್ದು ಚಿನ್ನ. ಅದನ್ನು ಕೊಳ್ಳಲು ಬೇಕಾದ ದಿರ್ಹಮ್ ಯಾರ ಸಂಬಳದಿಂದ ಒದಗಿತು ಅನ್ನುವುದು ಸುದ್ದಿಯಲ್ಲಿ ಬರುವುದಿಲ್ಲ.

ಬ್ಯಾಂಕಿಗಿಂತ ಹವಾಲಾದವರು ಒಳ್ಳೆ ರೇಟು ಕೊಡುವುದೂ ಇದೇ ಕಾರಣಕ್ಕೆ. ಬ್ಯಾಂಕ್ ರೇಟು 20 ರೂಪಾಯಿ ಇರುವಾಗ, ಗುಟ್ಟಾಗಿ ದಿರ್ಹಮ್ ಬೇಕಾದವನು 20 ರೂಪಾಯಿ 60 ಪೈಸೆ ಕೊಡಲೂ ತಯಾರು. ಗುಟ್ಟಿಗೆ ಅವನು ಬೆಲೆ ಕೊಡುತ್ತಿದ್ದಾನೆ. ಹವಾಲಾದವರು ಅಣ್ಣನಿಗೆ 20 ರೂಪಾಯಿ 20 ಪೈಸೆ ಕೊಟ್ಟರೂ ದಿರ್ಹಮಿಗೆ 40 ಪೈಸೆ ಅವರಿಗೇ ಉಳಿಯಿತು. ಲಕ್ಷ ದಿರ್ಹಮಿಗೆ 40,000 ರೂಪಾಯಿ. ಅಣ್ಣನಿಗೆ 2,000 ದಿರ್ಹಮಿಗೆ 400 ರೂಪಾಯಿ ಜಾಸ್ತಿ ಬಂತು. ಆ 400 ರೂಪಾಯಿ ಎಲ್ಲಿಂದ ಬಂತು ಅಂತ ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಎರಡೂ ಕಡೆ ದಿನಾ ಇಷ್ಟು ನೇರವಾಗಿ ಹೊಂದುವುದಿಲ್ಲ, ನಿಜ. ಆಗ ದೊಡ್ಡ ಹವಾಲಾದವರು ತಮ್ಮತಮ್ಮಲ್ಲೇ ಲೆಕ್ಕ ವಜಾ ಮಾಡಿಕೊಳ್ಳುತ್ತಾರೆ. ಎ ಬಿಗೆ ಕೊಡಬೇಕು, ಬಿ ಸಿಗೆ ಕೊಡಬೇಕು, ಸಿ ಎಗೆ ಕೊಡಬೇಕು. ಮೂರೂ ಕಳೆದು ಉಳಿದ ಚೂರನ್ನು ಮಾತ್ರ ಚುಕ್ತಾ ಮಾಡುತ್ತಾರೆ. ಆ ಚೂರು ಚಿನ್ನವಾಗಿ ಹೋಗಬಹುದು, ಸರಕಿನ ಬಿಲ್ಲಿನಲ್ಲಿ ಅಡಗಿ ಹೋಗಬಹುದು, ಯಾವುದೋ ಕಂಪನಿಯ ಹೆಸರಿನಲ್ಲಿ ಬ್ಯಾಂಕಿನ ಮೂಲಕವೇ ಹೋಗಬಹುದು.

ಹುಂಡಿಯ ಕಾಲ

ಈ ಜಾಣತನ ಕಳ್ಳರು ಕಂಡುಹಿಡಿದದ್ದಲ್ಲ. ನೂರಾರು ವರ್ಷ ನಮ್ಮ ವ್ಯಾಪಾರವೇ ಹೀಗೆ ನಡೆಯಿತು. ಚೀನಾದಲ್ಲಿ ಟಾಂಗ್ ರಾಜರ ಕಾಲದಲ್ಲೇ ಹಾರುವ ದುಡ್ಡು ಅನ್ನುವ ಪದ್ಧತಿ ಇತ್ತು. ನಮ್ಮಲ್ಲಿ ಇದ್ದದ್ದು ಹುಂಡಿ. ದೇವಸ್ಥಾನದ ಕಾಣಿಕೆ ಡಬ್ಬಿಯನ್ನೂ ನಾವು ಹುಂಡಿ ಅನ್ನುತ್ತೇವೆ. ಇಲ್ಲಿ ಹೇಳುತ್ತಿರುವ ಹುಂಡಿ ಒಂದು ಚೀಟಿ. ಸೂರತ್‌ನ ಸರಾಫ, ಅಂದರೆ ದುಡ್ಡಿನ ವ್ಯಾಪಾರಿ, ಆಗ್ರಾದ ಸರಾಫನಿಗೆ, "ಈ ಚೀಟಿ ತಂದವರಿಗೆ ಇಷ್ಟು ಕೊಡಿ" ಅಂತ ಬರೆದುಕೊಡುತ್ತಿದ್ದ. ಕಲಬುರಗಿ, ವಿಜಯಪುರದಲ್ಲಿ ಇವತ್ತಿಗೂ ಸರಾಫ್ ಬಜಾರ್ ಇದೆ. ಬಂಗಾಳದ ಮುರ್ಷಿದಾಬಾದಿನ ಜಗತ್ ಸೇಠರ ಮನೆತನ ಬಂಗಾಳದ ಕಂದಾಯವನ್ನು ದೆಹಲಿಗೆ ಹುಂಡಿಯಲ್ಲೇ ಮುಟ್ಟಿಸುತ್ತಿತ್ತು. ದಾರಿಯಲ್ಲಿ ದರೋಡೆಕೋರರಿಗೆ ಸಿಕ್ಕಿದರೂ ಅವರಿಗೆ ಬರೀ ಕಾಗದ.

ಹುಂಡಿಯಲ್ಲಿ ಎರಡು ಮುಖ್ಯ ಬಗೆ. ತೋರಿಸಿದ ಕೂಡಲೇ ದುಡ್ಡು ಕೊಡಬೇಕಾದದ್ದು ದರ್ಶನಿ ಹುಂಡಿ. ಇಷ್ಟು ದಿನ ಆದಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಸಹಕಾರಿ ಬ್ಯಾಂಕಿನಲ್ಲಿ ಮುದ್ದತಿ ಠೇವಣಿ ಇಡುತ್ತೇವಲ್ಲ, ಅದೇ ಮುದ್ದತ್ತು. ಶಾಹಜೋಗ್ ಅಂತ ಇನ್ನೊಂದಿತ್ತು. ಅದನ್ನು ಪೇಟೆಯಲ್ಲಿ ಮರ್ಯಾದಸ್ಥ ಅನ್ನಿಸಿಕೊಂಡ ವ್ಯಾಪಾರಿಯ, ಅಂದರೆ ಶಾಹನ ಕೈಗೆ ಮಾತ್ರ ಚುಕ್ತಾ ಮಾಡಬಹುದು. ಕಳ್ಳ ತಂದು ನಿಂತರೆ ದುಡ್ಡು ಹುಟ್ಟದು.

ಹುಂಡಿ ಬರೆಯುವ ರೀತಿ ನನಗೆ ತುಂಬ ಇಷ್ಟ. 100 ರೂಪಾಯಿ ಅಂತ ಬರೆದು ಬಿಡುತ್ತಿರಲಿಲ್ಲ. "ರೂಪಾಯಿ 100, ಅದರ ಅರ್ಧ 50, ಅದರ ಎರಡರಷ್ಟು ಪೂರಾ ಕೊಡತಕ್ಕದ್ದು" ಅನ್ನುವ ಧಾಟಿಯಲ್ಲಿ ಬರೆಯುತ್ತಿದ್ದರು. ಯಾರಾದರೂ 100ರ ಮುಂದೆ ಒಂದು ಸೊನ್ನೆ ಹಾಕಿದರೂ ಅರ್ಧದ ಲೆಕ್ಕ ತಪ್ಪುತ್ತದೆ. ಚೀಟಿ ಕಳೆದುಹೋದರೆ ಎರಡನೇ ಪ್ರತಿ ಕೊಡುತ್ತಿದ್ದರು, ಅದರ ಹೆಸರು ಪೇಠ್. ಅದೂ ಕಳೆದರೆ ಪರ್‌ಪೇಠ್. ಚುಕ್ತಾ ಆದ ಹುಂಡಿಗೆ ಖೋಖಾ ಅಂತ ಹೆಸರು. ಬ್ರಿಟಿಷರು 1881ರಲ್ಲಿ ಚೆಕ್ಕು, ಪ್ರಾಮಿಸರಿ ನೋಟುಗಳ ಕಾಯ್ದೆ ತಂದಾಗಲೂ ದೇಶಿ ಭಾಷೆಯ ಹುಂಡಿಗಳ ರೂಢಿಯನ್ನು ಹಾಗೇ ಬಿಟ್ಟರು. ಆಗ ಇದು ಕದ್ದುಮುಚ್ಚಿ ಮಾಡುವ ಕೆಲಸವಾಗಿರಲಿಲ್ಲ. ಪೇಟೆಯ ನಡುವೆ, ಎಲ್ಲರ ಎದುರು ನಡೆಯುತ್ತಿತ್ತು.

ಹತ್ತು ರೂಪಾಯಿ ನೋಟು

ಚೀಟಿ ಇಲ್ಲದ ಈಗಿನ ಕಾಲದಲ್ಲಿ, ದುಡ್ಡು ಕೇಳಿಕೊಂಡು ಬಂದವನು ಸರಿಯಾದವನೇ ಅಂತ ತಿಳಿಯುವುದು ಹೇಗೆ? ಮುಂಬೈ, ಸೂರತ್ ಕಡೆಯ ಅಂಗಡಿಯಾಗಳ ಪದ್ಧತಿ ನೋಡಿ. ಅಂಗಡಿಯಾ ಅಂದ ಕೂಡಲೇ ನಮಗೆ ಅಂಗಡಿ ನೆನಪಾಗುತ್ತದೆ. ಗುಜರಾತಿನಲ್ಲಿ ಅದರ ಅರ್ಥ ಬೆಲೆಬಾಳುವ ವಸ್ತು ಹೊತ್ತು ಮುಟ್ಟಿಸುವವನು. ಸೂರತ್‌ನ ವಜ್ರ, ಮುಂಬೈ ಝವೇರಿ ಬಜಾರಿನ ಚಿನ್ನ ಅವರ ಕೈಯಲ್ಲೇ ಓಡಾಡುತ್ತದೆ.

ದುಡ್ಡು ಪಡೆಯುವವನು ತನ್ನ ಜೇಬಿನ ಒಂದು ಹಳೆಯ ಹತ್ತು ರೂಪಾಯಿ ನೋಟು ತೆಗೆದು ಫೋಟೋ ಹಿಡಿದು ಕಳಿಸುತ್ತಾನೆ. ಇಲ್ಲವೇ ಅದರ ನಂಬರ್ ಹೇಳುತ್ತಾನೆ. ಕಳಿಸುವವನು ಆ ನಂಬರನ್ನು ದುಡ್ಡಿನ ಜೊತೆ ಬರೆಸುತ್ತಾನೆ. ಇನ್ನೊಂದು ಊರಿನ ಕೌಂಟರಿನಲ್ಲಿ ಆ ನೋಟನ್ನೇ ತಂದು ತೋರಿಸಬೇಕು. ಕೌಂಟರಿನವನು ನೋಟನ್ನು ಬೆಳಕಿಗೆ ಹಿಡಿದು ಅಕ್ಷರ, ಅಂಕಿ ಒಂದೊಂದೇ ಫೋನಿನ ಜೊತೆ ತಾಳೆ ನೋಡುತ್ತಾನೆ. ಹೊಂದಿದರೆ ಕಟ್ಟು ಎಣಿಸಿ ಕೊಟ್ಟು, ಹತ್ತರ ನೋಟನ್ನು ತಾನು ಇಟ್ಟುಕೊಳ್ಳುತ್ತಾನೆ. ಅವನಿಗೆ ಅದೇ ರಸೀದಿ. ಅದೇ ನಂಬರಿನ ಇನ್ನೊಂದು ನೋಟು ಸಿಗುವುದು ತೀರಾ ಅಪರೂಪ, ಹಾಗಾಗಿ ಬೇರೆಯವನು ಅಂಥ ನೋಟು ತರುವುದು ಹೆಚ್ಚುಕಡಿಮೆ ಅಸಾಧ್ಯ. ನೋಟಿನ ಬೆಲೆ 10 ರೂಪಾಯಿ, ಅದು ಕಾಯುವ ದುಡ್ಡು ಲಕ್ಷ ಇರಬಹುದು.

ದೇಶದೊಳಗೆ ಹೀಗೆ ಪಾರ್ಸೆಲ್ ಮುಟ್ಟಿಸುವುದೇ ಅಪರಾಧವಲ್ಲ. ಅದರೊಳಗಿನ ದುಡ್ಡಿಗೆ ಲೆಕ್ಕ ಇದೆಯಾ, ತೆರಿಗೆ ಕಟ್ಟಿದೆಯಾ ಅನ್ನುವುದು ಪ್ರಶ್ನೆ. ಒಡಿಶಾದ ಗಂಜಾಂ ಜಿಲ್ಲೆಯಿಂದ ಸೂರತ್‌ನ ಪವರ್‌ಲೂಮ್‌ಗಳಿಗೆ ಹೋದ ಕೂಲಿಯವರ ದುಡ್ಡನ್ನು ಟಪ್ಪಾವಾಲಾಗಳು ಊರಿಗೆ ಒಯ್ದು ಕೊಡುತ್ತಿದ್ದರು. ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರದ ಕಡೆ ಈಗ ನೋಡಿ. ಕೆಲಸಗಾರ ಕ್ಯಾಶ್ ಕೊಡುತ್ತಾನೆ, ಮೊಬೈಲ್ ಅಂಗಡಿಯವನು ಸ್ವಲ್ಪ ಕಮಿಷನ್ ಹಿಡಿದುಕೊಂಡು ತನ್ನ ಖಾತೆಯಿಂದ ಊರಿನ ಖಾತೆಗೆ ಹಾಕುತ್ತಾನೆ. ಕಣ್ಣಿಗೆ ಹಾಗೆ ಕಾಣದಿದ್ದರೂ ಇದೂ ಹವಾಲಾದ ನೆಂಟನೇ.

ಯಾಕೆ ಓಡಿಹೋಗುವುದಿಲ್ಲ?

ಇಷ್ಟೊಂದು ದುಡ್ಡು ಬರೀ ಬಾಯಿಮಾತಿನ ಮೇಲೆ ಬಿಟ್ಟರೆ ಯಾರೂ ಎತ್ತಿಕೊಂಡು ಹೋಗುವುದಿಲ್ಲವೇ? ಹೋಗುವವರೂ ಇದ್ದಾರೆ. ಆದರೆ ಕಡಿಮೆ. ಈ ದಂಧೆಯ ಜನ ಹೆಚ್ಚಾಗಿ ಒಂದೇ ಊರಿನವರು, ಒಂದೇ ನಂಟಸ್ತಿಕೆಯವರು. ಒಬ್ಬ ಮೋಸ ಮಾಡಿದರೆ ಅವನ ಅಪ್ಪನ ಅಂಗಡಿಗೆ ಉದ್ದರಿ ಹುಟ್ಟುವುದಿಲ್ಲ, ತಂಗಿಗೆ ಗಂಡು ಸಿಗುವುದಿಲ್ಲ. ಇವತ್ತು ನುಂಗುವ ಒಂದು ಲಕ್ಷಕ್ಕಿಂತ ಮುಂದೆ ವರ್ಷಾನುಗಟ್ಟಲೆ ಬರುವ ಕಮಿಷನ್ ದೊಡ್ಡದು ಅಂತಲೂ ಅವನಿಗೆ ಗೊತ್ತು.

ಆದರೆ ನಂಬಿಕೆ ಮುರಿದರೆ ಕೋರ್ಟಿಗೆ ಹೋಗುವಂತಿಲ್ಲ. ಈ ದುಡ್ಡು ದೋಚಿದರೂ ಪೊಲೀಸರ ಮುಂದೆ ನಿಜ ಹೇಳುವಂತಿಲ್ಲ. ಕೇರಳದಲ್ಲಿ ಇದಕ್ಕೆ ಕುಳಲ್‌ಪಣಂ ಅನ್ನುತ್ತಾರೆ, ಕೊಳವೆಯಲ್ಲಿ ಹರಿದು ಬಂದ ಹಣ ಅಂತ. 2021ರ ಏಪ್ರಿಲ್‌ನಲ್ಲಿ ತ್ರಿಶೂರ್ ಜಿಲ್ಲೆಯ ಕೊಡಕರದ ಹತ್ತಿರ ಹೆದ್ದಾರಿಯಲ್ಲಿ ಕಾರು ಅಡ್ಡಗಟ್ಟಿ ದುಡ್ಡು ದೋಚಿದರು. ದೂರಿನಲ್ಲಿ ಬರೆಸಿದ್ದು 25 ಲಕ್ಷ. ತನಿಖೆ ನಡೆದಾಗ ಹೊರಬಿದ್ದದ್ದು ಮೂರೂವರೆ ಕೋಟಿ.

ಲೆಕ್ಕದ ಪುಸ್ತಕದ ಗತಿಯೂ ಇದೇ. 1991ರಲ್ಲಿ ದೆಹಲಿಯಲ್ಲಿ ಸಿಬಿಐಗೆ ಸಿಕ್ಕಿದ ಜೈನ್ ಡೈರಿಗಳು, ರಾಜಕಾರಣಿಗಳಿಗೆ ದುಡ್ಡು ಕೊಟ್ಟ ಲೆಕ್ಕ ಎನ್ನಲಾದವು, ದೇಶವನ್ನೇ ಅಲುಗಾಡಿಸಿದವು. ಹವಾಲಾ ಅನ್ನುವ ಪದ ಮನೆಮಾತಾದದ್ದು ಆಗಲೇ. ಅದರಲ್ಲಿ ಇದ್ದದ್ದು ಮೊದಲಕ್ಷರಗಳು ಮತ್ತು ಅಂಕಿಗಳು. ಬಿಡಿ ಹಾಳೆಗಳನ್ನು ಲೆಕ್ಕಪುಸ್ತಕ ಅಂತ ಒಪ್ಪಲಾಗದು ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆರೋಪ ನಿಲ್ಲಲಿಲ್ಲ.

ಬಡವರ ದಾರಿಯೂ ಹೌದು

ಹಾಗಂತ ಹವಾಲಾ ಬಳಸುವವರನ್ನೆಲ್ಲ ಕಳ್ಳರು ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಅಣ್ಣ ಕಳ್ಳನಾಗಿರಲಿಲ್ಲ. ದಿನಕ್ಕೆ ಹನ್ನೆರಡು ಗಂಟೆ ದುಡಿಯುತ್ತಿದ್ದ, ಬ್ಯಾಂಕ್ ತೆರೆದಿರುವ ಹೊತ್ತಿಗೆ ಅವನಿಗೆ ಬಿಡುವು ಇರುತ್ತಿರಲಿಲ್ಲ. ಚಿಕ್ಕಮ್ಮನಿಗೆ ಖಾತೆಯೇ ಇರಲಿಲ್ಲ. 1993ರವರೆಗೆ ರೂಪಾಯಿಗೆ ಸರ್ಕಾರ ಕಟ್ಟಿದ ರೇಟು ಬೇರೆ, ಪೇಟೆಯ ರೇಟು ಬೇರೆ ಇತ್ತು. ಬ್ಯಾಂಕಿನಲ್ಲಿ ಕಳಿಸಿದವನಿಗೆ ನಷ್ಟ.

ಸೊಮಾಲಿಯಾದಲ್ಲಿ 1991ರಲ್ಲಿ ಸರ್ಕಾರವೇ ಕುಸಿದಾಗ ಬ್ಯಾಂಕುಗಳೂ ಹೋದವು. ಹೊರದೇಶದಲ್ಲಿ ದುಡಿಯುವವರು ಮನೆಗೆ ದುಡ್ಡು ಮುಟ್ಟಿಸಿದ್ದು ಹವಾಲಾದಲ್ಲೇ. ಅಲ್ಲಿಯ ದೊಡ್ಡ ಸಂಸ್ಥೆ ಅಲ್-ಬರಕಾತ್. 2001ರ ನವೆಂಬರ್‌ನಲ್ಲಿ, ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೇ, ಅಮೆರಿಕ ಅದನ್ನು ಮುಚ್ಚಿಸಿತು. ಎಷ್ಟೋ ಮನೆಗಳಿಗೆ ಬರುವ ದುಡ್ಡು ನಿಂತಿತು. ಆ ದಾಳಿಕೋರರ ದುಡ್ಡು ಅಮೆರಿಕ ತಲುಪಿದ್ದು ಹೆಚ್ಚಾಗಿ ಬ್ಯಾಂಕುಗಳ ಮೂಲಕವೇ ಅಂತ ತನಿಖಾ ಆಯೋಗ ಆಮೇಲೆ ಕಂಡುಕೊಂಡಿತು. ಕಾಬೂಲಿನ ಸರಾಯ್ ಶಹಜಾದಾ ಮಾರುಕಟ್ಟೆಯ ಸರಾಫರು ಯುದ್ಧದ ನಡುವೆಯೂ ದೇಶದ ಮೂಲೆಮೂಲೆಗೆ ದುಡ್ಡು ಮುಟ್ಟಿಸಿದರು. ನೆರವು ಸಂಸ್ಥೆಗಳು ಕೂಡ ಅವರನ್ನೇ ನೆಚ್ಚಿಕೊಂಡವು.

ಯುಎಇಯಲ್ಲಿ ನೋಂದಣಿ ಮಾಡಿಸಿಕೊಂಡು ಹವಾಲಾ ನಡೆಸಬಹುದು. ಅಲ್ಲಿನ ಸೆಂಟ್ರಲ್ ಬ್ಯಾಂಕು ಹವಾಲಾದವರ ಪಟ್ಟಿ ಇಡುತ್ತದೆ. ನಮ್ಮವರಿಗೆ ಗೊಂದಲ ಆಗುವುದು ಇಲ್ಲೇ. "ದುಬೈಯಲ್ಲಿ ಬೋರ್ಡ್ ಹಾಕಿಕೊಂಡು ಕೂತಿದ್ದಾರೆ, ತಪ್ಪಾಗಿದ್ದರೆ ಬಿಡುತ್ತಿದ್ದರಾ?" ಅಂತ ಕೇಳುತ್ತಾರೆ. ದುಡ್ಡು ಬಂದು ಇಳಿಯುವ ಕಡೆ ಕಾನೂನು ಬೇರೆ. ನಮ್ಮಲ್ಲಿ 1999ರ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಹೊರದೇಶದಲ್ಲಿ ಇರುವವರ ಪರವಾಗಿ ಬರುವ ದುಡ್ಡನ್ನು ಅಧಿಕೃತ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಪಡೆಯುವುದೂ ತಪ್ಪು. ಅಂದರೆ ಚಿಕ್ಕಮ್ಮನ ಹಾಗೆ ಜಗಲಿಯಲ್ಲಿ ನಿಂತು ಕಟ್ಟು ಎಣಿಸಿಕೊಳ್ಳುವವರೂ ಈಗ ತಪ್ಪಿನೊಳಗೆ ಬರುತ್ತಾರೆ. ದಂಡ ಆ ಮೊತ್ತದ ಮೂರರಷ್ಟರವರೆಗೆ ಹೋಗಬಹುದು. ಅಪರಾಧದ ದುಡ್ಡು ಅಂತ ಗೊತ್ತಿದ್ದೂ ಅದನ್ನು ಸಾಗಿಸಲು ಕೈಜೋಡಿಸಿದರೆ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಬರುತ್ತದೆ. ಅದರಲ್ಲಿ ಜೈಲು 3ರಿಂದ 7 ವರ್ಷ.

ಈಗಿನ ಹೊಸ ಅಪಾಯ

ನಾನು ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ. ಈಗ ಬೈಕಿನಲ್ಲಿ ಕಟ್ಟು ತರುವವರು ಕಡಿಮೆ. ಹವಾಲಾದವರೂ ಖಾತೆಗೇ ಹಾಕುತ್ತಾರೆ. ಆ ದುಡ್ಡು ಬರುವುದು ಗುರುತು ಪರಿಚಯ ಇಲ್ಲದವರ ಖಾತೆಯಿಂದ.

ನಮ್ಮ ಪರಿಚಯದ ಹುಡುಗನೊಬ್ಬ ಶಾರ್ಜಾದಲ್ಲಿ ಇದ್ದಾನೆ. ಒಳ್ಳೆ ರೇಟು ಸಿಗುತ್ತದೆ ಅಂತ ರೂಮಿನ ಗೆಳೆಯನ ಮಾತು ಕೇಳಿ 1,500 ದಿರ್ಹಮ್ ಕೊಟ್ಟ. ಅರ್ಧ ಗಂಟೆಯಲ್ಲಿ ಊರಿನಲ್ಲಿ ಅವನ ತಂಗಿಯ ಖಾತೆಗೆ ದುಡ್ಡು ಬಂತು. ಕಳಿಸಿದವರ ಜಾಗದಲ್ಲಿ ಇದ್ದದ್ದು ಉತ್ತರ ಭಾರತದ ಯಾವುದೋ ಹೆಸರು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಹನ್ನೊಂದು ದಿನ ಆದಮೇಲೆ ತಂಗಿ ಕಿರಾಣಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದರೆ ದುಡ್ಡು ಹೋಗಲಿಲ್ಲ. ಬ್ಯಾಂಕಿಗೆ ಹೋದರೆ, ಬೇರೆ ರಾಜ್ಯದ ಸೈಬರ್ ಪೊಲೀಸರು ಹೇಳಿದ್ದಾರೆ, ಖಾತೆ ಫ್ರೀಜ್ ಆಗಿದೆ ಅಂದರು. ಅವಳ ಗೇರುಬೀಜ ಫ್ಯಾಕ್ಟರಿಯ ಸಂಬಳವೂ ಅದರಲ್ಲೇ ಸಿಕ್ಕಿಬಿತ್ತು.

ಆದದ್ದು ಇಷ್ಟು. ಎಲ್ಲೋ ಒಬ್ಬರಿಗೆ ಆನ್‌ಲೈನ್‌ನಲ್ಲಿ ಮೋಸವಾಯಿತು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರು. ಪೊಲೀಸರು ಆ ದುಡ್ಡು ಹೋದ ಜಾಡು ಹಿಡಿದು, ಖಾತೆಯಿಂದ ಖಾತೆಗೆ ಹೆಜ್ಜೆ ಹಾಕಿ, ದಾರಿಯಲ್ಲಿ ಸಿಕ್ಕ ಖಾತೆಗಳನ್ನು ತಡೆಹಿಡಿದರು. ವಂಚಕರ ಕೈಯಲ್ಲಿ ಇಂಡಿಯಾದ ರೂಪಾಯಿ ಇತ್ತು, ಅವರಿಗೆ ಅದು ಹೊರದೇಶದಲ್ಲಿ ಬೇಕಿತ್ತು. ಶಾರ್ಜಾದ ಹುಡುಗನ ಹತ್ತಿರ ಹೊರದೇಶದ ದುಡ್ಡು ಇತ್ತು, ಅವನಿಗೆ ಅದು ಇಂಡಿಯಾದಲ್ಲಿ ಬೇಕಿತ್ತು. ಹಿಂದೆ ಚಿನ್ನದವನು ನಿಂತಿದ್ದ ಜಾಗದಲ್ಲಿ ಈಗ ಆನ್‌ಲೈನ್ ವಂಚಕ ನಿಂತಿದ್ದಾನೆ. ಒಂದು ರಾಜ್ಯದ ಯಾರೋ ಅಜ್ಜ ಕಳೆದುಕೊಂಡ ಪಿಂಚಣಿ ದುಡ್ಡು ಇನ್ನೊಂದು ರಾಜ್ಯದ ಹುಡುಗಿಯ ಖಾತೆಗೆ ಅಣ್ಣನ ಸಂಬಳದ ಹೆಸರಿನಲ್ಲಿ ಬಂದಿರುತ್ತದೆ. ಕೈಯಲ್ಲಿ ಒಂದು ರಸೀದಿಯೂ ಇಲ್ಲದೆ, ಇದು ನನ್ನ ದುಡಿಮೆಯ ದುಡ್ಡು ಅಂತ ಆ ಹುಡುಗ ಹೇಗೆ ತೋರಿಸಬೇಕು?

ಗಲ್ಫ್‌ನಲ್ಲಿ ಇರುವ ನಮ್ಮವರಿಗೆ ಈಗ ಸರಿಯಾದ ದಾರಿ ಕಷ್ಟವೂ ಅಲ್ಲ. ಲೈಸೆನ್ಸ್ ಇರುವ ಎಕ್ಸ್‌ಚೇಂಜ್‌ಗಳಿವೆ, ಆ್ಯಪ್‌ಗಳಿವೆ. ದುಡ್ಡು ಹೆಚ್ಚಾಗಿ ಅದೇ ದಿನ ಮುಟ್ಟುತ್ತದೆ. ಖಾತೆ ಇಲ್ಲದವರಿಗೂ ರಿಸರ್ವ್ ಬ್ಯಾಂಕಿನ ಎಂಟಿಎಸ್ಎಸ್ ಯೋಜನೆಯಲ್ಲಿ ಒಂದು ಸಲಕ್ಕೆ 2,500 ಡಾಲರ್‌ವರೆಗೆ ಕಳಿಸಬಹುದು, ಅದರಲ್ಲಿ 50,000 ರೂಪಾಯಿವರೆಗೆ ಕ್ಯಾಶ್ ಆಗಿ ಕೈಗೇ ಸಿಗುತ್ತದೆ. ವಿಶ್ವಬ್ಯಾಂಕಿನ ಅಂದಾಜಿನ ಪ್ರಕಾರ 2024ರಲ್ಲಿ ಹೊರದೇಶದ ನಮ್ಮವರು ಇಂಡಿಯಾಕ್ಕೆ ಕಳಿಸಿದ್ದು ಸುಮಾರು 129 ಬಿಲಿಯನ್ ಡಾಲರ್. ಜಗತ್ತಿನಲ್ಲಿ ಬೇರೆ ಯಾವ ದೇಶಕ್ಕೂ ಅಷ್ಟು ಬರುವುದಿಲ್ಲ. ಇದು ಲೆಕ್ಕಕ್ಕೆ ಸಿಕ್ಕಿದ ದುಡ್ಡು ಮಾತ್ರ.

ಮನೆಯಲ್ಲಿ ಯಾರಿಗಾದರೂ ಹೊರಗಿನಿಂದ ದುಡ್ಡು ಬರುತ್ತಿದ್ದರೆ ಒಂದು ಕೆಲಸ ಮಾಡಿ. ಖಾತೆಗೆ ಬಂದ ದುಡ್ಡಿನ ಎದುರು ಯಾರ ಹೆಸರಿದೆ ನೋಡಿ. ಎಕ್ಸ್‌ಚೇಂಜಿನದೋ ಬ್ಯಾಂಕಿನದೋ ಹೆಸರಿದ್ದರೆ ಸರಿ. ಸಂಬಂಧವೇ ಇಲ್ಲದ ಮನುಷ್ಯನ ಹೆಸರಿದ್ದರೆ ಕಳಿಸಿದವರಿಗೆ ಆವತ್ತೇ ಫೋನ್ ಮಾಡಿ ಕೇಳಿ.

ನಮ್ಮ ಅಣ್ಣ ಈಗಲೂ ದುಬೈಯಲ್ಲೇ ಇದ್ದಾನೆ. 2000ದ ಆಚೆಈಚೆಗೆ ಚಿಕ್ಕಮ್ಮ ಖಾತೆ ತೆರೆದರು, ಆಮೇಲೆ ಅವನು ಎಕ್ಸ್‌ಚೇಂಜಿನಿಂದಲೇ ಕಳಿಸುತ್ತಾ ಬಂದ. ಹೋದ ವರ್ಷ ಹಳೆ ಮನೆ ಕೆಡವಿ ಹೊಸದು ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ಕೇಳಿದ್ದು ದುಡ್ಡು ಬಂದ ದಾಖಲೆ. ಚಿಕ್ಕಮ್ಮ ಒಳಗೆ ಹೋಗಿ ಟ್ರಂಕಿನಿಂದ ರಬ್ಬರ್ ಬ್ಯಾಂಡ್ ಹಾಕಿಟ್ಟ ಏಳು ಪಾಸ್‌ಬುಕ್ ತಂದು ಟೇಬಲ್ ಮೇಲೆ ಇಟ್ಟರು.